ಸುಸ್ತನ್ನು ಮುಚ್ಚಿಡಬೇಡಿ
ನಂಜನಗೂಡು, ತಿ. ನರಸೀಪುರದ ಸರ್ಕಾರಿ ಕೆಲಸಗಾರರಿಗೆ ಒಂದು ಬಹಿರಂಗ ಪತ್ರ

ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ಆಸ್ಪತ್ರೆ, ನಾಡಕಚೇರಿ, ಗ್ರಾಮ ಪಂಚಾಯಿತಿ, ಶಾಲೆ, ಅಂಗನವಾಡಿ, ಅರಣ್ಯ ಇಲಾಖೆ ಮತ್ತು ಪೊಲೀಸ್ ಠಾಣೆಗಳಲ್ಲಿ ದುಡಿಯುತ್ತಿರುವ ಎಲ್ಲರಿಗೆ,



ನಿಮ್ಮ ಕಚೇರಿಗಳಿಗೆ ಅರ್ಜಿ ಹಿಡಿದು ಬರುವ ಸಾವಿರಾರು ಜನರಲ್ಲಿ ನಾನೂ ಒಬ್ಬ. ನಮ್ಮಂಥವರು ನಿಮಗೆ ಬರೆಯುವುದು ಸಾಮಾನ್ಯವಾಗಿ ದೂರು, ಮನವಿ ಇಲ್ಲವೇ ಜ್ಞಾಪನಾ ಪತ್ರ. ಈ ಸಲ ನನಗೆ ನಿಮ್ಮಿಂದ ಆಗಬೇಕಾದ ಕೆಲಸ ಏನೂ ಇಲ್ಲ. ನಿಮ್ಮ ಆರೋಗ್ಯದ ಬಗ್ಗೆ ಬರೆಯುತ್ತಿದ್ದೇನೆ.

ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಲಸದ ಒತ್ತಡದಿಂದ ಬರುವ ನಿದ್ದೆಗೇಡು, ಬಿಪಿ, ಎದೆಬಡಿತ, ಮನೆಯಲ್ಲಿ ಮಕ್ಕಳ ಮೇಲೆ ಹರಿಹಾಯುವ ಸಿಡುಕು, ಇವು ನಿಮ್ಮ ಮನಸ್ಸು ಗಟ್ಟಿಯಿಲ್ಲದ್ದಕ್ಕೆ ಬಂದವಲ್ಲ. ಕೆಲಸ ಹಂಚುವ ರೀತಿ, ಲೆಕ್ಕ ಕೇಳುವ ರೀತಿ, ಗದರಿಸುವ ರೀತಿಯಿಂದ ಹುಟ್ಟಿದವು. ಮನುಷ್ಯರು ಮಾಡಿಕೊಂಡ ಏರ್ಪಾಡನ್ನು ಮನುಷ್ಯರೇ ಬದಲಿಸಬಹುದು. ಅದಕ್ಕೆ ಮೊದಲು ಅದನ್ನು ಬಾಯಿಬಿಟ್ಟು ಹೇಳಬೇಕು.

ಈ ಮಾತನ್ನು ನಂಜನಗೂಡಿನಿಂದಲೇ ಶುರುಮಾಡಲು ಕಾರಣವಿದೆ. 2020ರ ಮಾರ್ಚ್ ಕೊನೆಯ ವಾರ ಇಲ್ಲಿನ ಜುಬಿಲಿಯಂಟ್ ಔಷಧ ಕಾರ್ಖಾನೆಯ ನೌಕರರೊಬ್ಬರಿಗೆ ಕೋವಿಡ್ ಇರುವುದು ದೃಢಪಟ್ಟಿತು. ನೋಡನೋಡುತ್ತಿದ್ದಂತೆ ಆ ಒಂದು ಪ್ರಕರಣದ ಸುತ್ತ 70ಕ್ಕೂ ಹೆಚ್ಚು ಜನರಿಗೆ ಸೋಂಕು ತಗುಲಿತು. ಸಾವಿರಕ್ಕೂ ಮಿಕ್ಕ ನೌಕರರು ಕ್ವಾರಂಟೈನ್ ಆದರು. ಮನೆಮನೆಗೆ ಹೋಗಿ ಸಂಪರ್ಕಿತರನ್ನು ಹುಡುಕುವುದು, ಬೀದಿ ಸೀಲ್‌ಡೌನ್ ಮಾಡಿಸುವುದು, ಗಂಟಲು ದ್ರವ ತೆಗೆಸುವುದು, ಸಂಜೆಯೊಳಗೆ ಅಂಕಿಅಂಶ ಕಳಿಸುವುದು, ಇವೆಲ್ಲ ತಾಲ್ಲೂಕಿನ ಆರೋಗ್ಯ ಸಿಬ್ಬಂದಿಯ ತಲೆಯ ಮೇಲೆ ಬಿದ್ದವು. ಅವರ ಮುಂದಾಳಾಗಿದ್ದ ತಾಲ್ಲೂಕು ಆರೋಗ್ಯಾಧಿಕಾರಿ ಡಾ. ಎಸ್.ಆರ್. ನಾಗೇಂದ್ರ ಆ ವರ್ಷದ ಆಗಸ್ಟ್ 20ರಂದು ಆತ್ಮಹತ್ಯೆ ಮಾಡಿಕೊಂಡರು. ತಿಂಗಳುಗಟ್ಟಲೆ ಬಿಡುವಿಲ್ಲದ ದುಡಿಮೆ, ಪರೀಕ್ಷೆಗಳ ಗುರಿ ಮುಟ್ಟಬೇಕೆಂದು ಮೇಲಿನಿಂದ ಬರುತ್ತಿದ್ದ ಒತ್ತಡವೇ ಇದಕ್ಕೆ ಕಾರಣ ಎಂದು ಕುಟುಂಬದವರು ಮತ್ತು ಸಹೋದ್ಯೋಗಿಗಳು ಆರೋಪಿಸಿದರು. ಜಿಲ್ಲೆಯ ಸರ್ಕಾರಿ ವೈದ್ಯರು ಕೆಲಸ ಬಿಟ್ಟು ಪ್ರತಿಭಟನೆಗೆ ಕೂತರು. ಸರ್ಕಾರ ತನಿಖೆಗೆ ಆದೇಶಿಸಿತು, ಕುಟುಂಬಕ್ಕೆ ಪರಿಹಾರ ಘೋಷಿಸಿತು.

ಯಾವ ಆತ್ಮಹತ್ಯೆಗೂ ಒಂದೇ ಕಾರಣವಿರುವುದಿಲ್ಲ ಎಂದು ಮನೋವೈದ್ಯರು ಮತ್ತೆ ಮತ್ತೆ ಹೇಳುತ್ತಾರೆ. ಆ ಮಾತನ್ನು ಗೌರವಿಸುತ್ತೇನೆ. ಯಾರೊಬ್ಬರ ಮೇಲೂ ತಪ್ಪು ಹೊರಿಸಲು ಈ ಪತ್ರ ಬರೆಯುತ್ತಿಲ್ಲ. ಆದರೆ ಆ ಸಾವು ಎತ್ತಿದ ಪ್ರಶ್ನೆ ಇನ್ನೂ ಹಾಗೇ ಇದೆ. ಜನ ಕೊಡದೆ, ಸೌಕರ್ಯ ಕೊಡದೆ, ಸಂಖ್ಯೆಯನ್ನು ಮಾತ್ರ ಕೇಳುತ್ತಾ ಹೋದರೆ ಕೆಳಗೆ ನಿಂತು ಕೆಲಸ ಮಾಡುವವರ ಗತಿಯೇನು? ಕೋವಿಡ್ ಹೋಯಿತು. ಆ ಕೇಳುವ ರೀತಿ ಹೋಗಿಲ್ಲ.

ಒತ್ತಡ ಮೈಗೆ ಏನು ಮಾಡುತ್ತದೆ ಎಂಬುದು ಈಗ ಊಹೆಯ ವಿಷಯವಾಗಿ ಉಳಿದಿಲ್ಲ. ಗದರಿಕೆ ಕೇಳಿದಾಗ, ರಾತ್ರಿ ಫೋನಿನಲ್ಲಿ ಸಾಹೇಬರ ಹೆಸರು ಕಂಡಾಗ ದೇಹ ಅಪಾಯ ಬಂತೆಂದೇ ತಿಳಿಯುತ್ತದೆ. ಅಡ್ರಿನಲಿನ್, ಕಾರ್ಟಿಸಾಲ್ ರಕ್ತಕ್ಕೆ ಸೇರುತ್ತವೆ. ಎದೆ ವೇಗವಾಗಿ ಬಡಿಯುತ್ತದೆ, ರಕ್ತದೊತ್ತಡ ಏರುತ್ತದೆ, ರಕ್ತದಲ್ಲಿ ಸಕ್ಕರೆ ಹೆಚ್ಚುತ್ತದೆ, ಜೀರ್ಣದ ಕೆಲಸ ನಿಧಾನವಾಗುತ್ತದೆ. ಅಪಾಯ ಬಂದು ಹೋಗುವಂಥದ್ದಾದರೆ ಇದರಿಂದ ಉಪಕಾರವೇ. ಅದು ದಿನಾ ಬಂದರೆ, ಭಾನುವಾರವೂ ಬಂದರೆ, ಏರಿದ್ದು ಇಳಿಯುವುದೇ ಇಲ್ಲ. ನಿದ್ದೆ ಕೆಡುತ್ತದೆ. ಗ್ಯಾಸ್ಟ್ರಿಕ್, ತಲೆನೋವು, ಕತ್ತು-ಬೆನ್ನಿನ ನೋವು ಕಾಯಂ ಆಗುತ್ತವೆ. ಇಂಥ ದಿನಗಳೇ ವರ್ಷಗಟ್ಟಲೆ ನಡೆದರೆ ಹೃದ್ರೋಗ, ಪಾರ್ಶ್ವವಾಯುವಿಗೆ ದಾರಿಯಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಅಧ್ಯಯನ ಹೀಗೆ ಹೇಳುತ್ತದೆ: ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಸುಮಾರು ಶೇ 35ರಷ್ಟು, ಹೃದಯಾಘಾತದಂಥ ಕಾಯಿಲೆಯಿಂದ ಸಾಯುವ ಅಪಾಯ ಸುಮಾರು ಶೇ 17ರಷ್ಟು ಹೆಚ್ಚು. 2016ರ ಒಂದೇ ವರ್ಷದಲ್ಲಿ ಅತಿಯಾದ ದುಡಿಮೆಗೆ ನಂಟಿರುವ ಇಂಥ ಸಾವುಗಳು ಜಗತ್ತಿನಲ್ಲಿ 7 ಲಕ್ಷ 45 ಸಾವಿರ. ನಿಮ್ಮ ವಾರದ ಗಂಟೆಗಳನ್ನು ಒಮ್ಮೆ ಕೂಡಿ ನೋಡಿ. ರಾತ್ರಿ ಮನೆಯಲ್ಲಿ ಕೂತು ಮಾಡುವ ಡೇಟಾ ಎಂಟ್ರಿಯನ್ನೂ ಸೇರಿಸಿ.

ಗಂಟೆಗಳಷ್ಟೇ ಅಲ್ಲದೆ ಇನ್ನೊಂದು ಸಂಗತಿಯೂ ಇದೆ. ಅದು ಸರ್ಕಾರಿ ನೌಕರರಿಗೇ ಸಂಬಂಧಪಟ್ಟದ್ದು. ಲಂಡನ್ನಿನ ಸರ್ಕಾರಿ ನೌಕರರ ಆರೋಗ್ಯವನ್ನು 1967ರಿಂದ ವರ್ಷಗಟ್ಟಲೆ ಗಮನಿಸಿದ ವೈಟ್‌ಹಾಲ್ ಅಧ್ಯಯನ ಎಂಬುದಿದೆ. ದೊಡ್ಡ ಕುರ್ಚಿ, ದೊಡ್ಡ ಜವಾಬ್ದಾರಿ ಇರುವವರಿಗೇ ಹೃದ್ರೋಗ ಹೆಚ್ಚು ಎಂದು ಆಗ ಎಲ್ಲರೂ ನಂಬಿದ್ದರು. ಕಂಡದ್ದು ಅದಕ್ಕೆ ತದ್ವಿರುದ್ಧ. ತೀರಾ ಕೆಳಹಂತದ ಜವಾನರು, ದ್ವಾರಪಾಲಕರಲ್ಲಿ ಹೃದ್ರೋಗದ ಸಾವು ಮೇಲಧಿಕಾರಿಗಳಿಗಿಂತ ಮೂರು ಪಟ್ಟಿಗೂ ಹೆಚ್ಚಿತ್ತು. ಸಿಗರೇಟು, ಬಿಪಿ, ಕೊಬ್ಬಿನ ಲೆಕ್ಕ ಹಾಕಿದರೂ ಆ ವ್ಯತ್ಯಾಸದ ಒಂದು ಪಾಲಿಗೆ ಮಾತ್ರ ಉತ್ತರ ಸಿಕ್ಕಿತು. 1985ರಲ್ಲಿ ಶುರುವಾದ ಎರಡನೇ ಸುತ್ತಿನಲ್ಲಿ ಮೈಕೆಲ್ ಮಾರ್ಮಟ್ ಮತ್ತು ಅವರ ಸಂಗಡಿಗರು ಮಹಿಳಾ ನೌಕರರನ್ನೂ ಸೇರಿಸಿಕೊಂಡು ನೋಡಿದಾಗ ಉತ್ತರದ ಇನ್ನೊಂದು ಪಾಲು ಕಂಡಿತು: ತನ್ನ ಕೆಲಸದ ಮೇಲೆ ತನಗೆ ಹಿಡಿತವಿಲ್ಲದಿರುವುದು. ಯಾವುದನ್ನು ಮೊದಲು ಮಾಡಬೇಕು, ಎಷ್ಟು ಹೊತ್ತಿನಲ್ಲಿ ಮಾಡಬೇಕು ಎಂಬುದರಲ್ಲಿ ಮಾತೇ ಇಲ್ಲದವರ ಹೃದಯಕ್ಕೆ ಹೆಚ್ಚು ಪೆಟ್ಟು. ಕೇಳುವುದು ಬಹಳ, ನಿರ್ಧರಿಸುವ ಅಧಿಕಾರ ಕಡಿಮೆ. ಈ ಎರಡೂ ಸೇರಿದ ಕೆಲಸವೇ ಮನುಷ್ಯನನ್ನು ಹಣ್ಣು ಮಾಡುವುದು ಎಂದು ಅಮೆರಿಕದ ರಾಬರ್ಟ್ ಕರಾಸೆಕ್ 1979ರಲ್ಲೇ ಬರೆದಿದ್ದರು.

ಇದು ನಮ್ಮಲ್ಲಿ ಹೇಗೆ ಕಾಣುತ್ತದೆ ಎಂದು ಹತ್ತಿರದಿಂದ ನೋಡಿದ್ದೇನೆ. ಪೌತಿ ಖಾತೆಯ ಕೆಲಸಕ್ಕೆಂದು ನಾಡಕಚೇರಿಯೊಂದರ ಬೆಂಚಿನ ಮೇಲೆ ಕೂತಿದ್ದೆ. ಎದುರಿನ ಮೇಜಿನಲ್ಲಿ ಗ್ರಾಮ ಆಡಳಿತ ಅಧಿಕಾರಿಯಾಗಿದ್ದ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಗಾಜು ಸೀಳಿದ ಮೊಬೈಲು, ಅದಕ್ಕೆ ಚುಚ್ಚಿದ ಪವರ್ ಬ್ಯಾಂಕು. ಊಟದ ಡಬ್ಬಿ ಬೀರುವಿನ ಮೇಲೆ ಬಿಚ್ಚದೆ ಕೂತಿತ್ತು. ಗಂಟೆ ಮೂರಾಗಿತ್ತು. ಪಹಣಿಗೆ ಆಧಾರ್ ಜೋಡಣೆಗೆಂದು ಬಂದ ಅಜ್ಜನ ಬೆರಳನ್ನು ಅವರು ಒರೆಸಿ ಒರೆಸಿ ಒತ್ತಿಸುತ್ತಿದ್ದರು. ಸರ್ವರ್ ತೆಗೆದುಕೊಳ್ಳುತ್ತಿರಲಿಲ್ಲ. ಮೇಜಿನ ಮೇಲಿದ್ದ ಮೊಬೈಲಿನಲ್ಲಿ ವಾಟ್ಸ್ಆ್ಯಪ್ ಗುಂಪಿಗೆ ಒಂದು ಪಟ್ಟಿ ಬಂತು. ಹೋಬಳಿಯ ವೃತ್ತಗಳನ್ನೆಲ್ಲ ಪ್ರಗತಿಯ ಪ್ರಕಾರ ಜೋಡಿಸಿ, ಕೊನೆಯ ಕೆಲವಕ್ಕೆ ಕೆಂಪು ಬಣ್ಣ ಬಳಿದಿದ್ದರು. ಕೆಳಗೊಂದು ಸಾಲು: ಕೆಂಪಿನಲ್ಲಿ ಇರುವವರು ಸಂಜೆ ವಿಡಿಯೊ ಕಾನ್ಫರೆನ್ಸಿಗೆ ಕಾರಣ ಸಮೇತ ಹಾಜರಾಗುವುದು. ಅವರು ಅದನ್ನು ಓದಿದರು, ಬ್ಯಾಗಿನಿಂದ ಮಾತ್ರೆ ತೆಗೆದು ನುಂಗಿದರು, ‘ನಾಳೆ ಬನ್ನಿ ತಾತ’ ಅಂದರು. ತಾತ ಗೊಣಗಿಕೊಂಡು ಹೋದರು. ಇಬ್ಬರ ತಪ್ಪೂ ಇರಲಿಲ್ಲ. ಸರ್ವರ್ ಕೆಟ್ಟದ್ದಕ್ಕೆ ನೋಟಿಸ್ ಮಾತ್ರ ಆ ಹೆಣ್ಣುಮಗಳಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

2024ರ ಸೆಪ್ಟೆಂಬರ್ 26ರಿಂದ ರಾಜ್ಯದ ಗ್ರಾಮ ಆಡಳಿತ ಅಧಿಕಾರಿಗಳು ತಾಲ್ಲೂಕು ಕಚೇರಿಗಳ ಮುಂದೆ ಮುಷ್ಕರಕ್ಕೆ ಕೂತದ್ದು ಇದಕ್ಕೇ. 17ಕ್ಕೂ ಹೆಚ್ಚು ಮೊಬೈಲ್ ಮತ್ತು ವೆಬ್ ತಂತ್ರಾಂಶಗಳಲ್ಲಿ ಕೆಲಸ ಮಾಡಿ ಎನ್ನುತ್ತೀರಿ, ಒಳ್ಳೆಯ ಮೊಬೈಲು, ಇಂಟರ್‌ನೆಟ್, ಕೂರಲು ಕಚೇರಿ ಕೊಟ್ಟಿಲ್ಲ ಎಂಬುದು ಅವರ ದೂರು. 2025ರ ಫೆಬ್ರುವರಿಯಲ್ಲಿ ಮತ್ತೆ ಕೂತರು. ಸಂಬಳ ಹೆಚ್ಚಿಸಿ ಎಂಬುದಕ್ಕಿಂತ ಕೆಲಸವನ್ನು ಮಾಡಲು ಆಗುವಂತೆ ಮಾಡಿ ಎಂಬ ಬೇಡಿಕೆ ಅದು. ಅದನ್ನು ಸೋಮಾರಿತನ ಎಂದು ಕರೆದವರು ಒಂದು ದಿನ ಆ ಮೇಜಿನ ಮುಂದೆ ಕೂತು ನೋಡಬೇಕು.

ತಿ. ನರಸೀಪುರದ ಕಡೆಯ ಒತ್ತಡದ ಬಣ್ಣ ಬೇರೆ. 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯೊಳಗೆ ಆ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ನಾಲ್ವರು ಬಲಿಯಾದರು. ಅವರಲ್ಲಿ ಓದುತ್ತಿದ್ದ ಮಕ್ಕಳೂ ಇದ್ದರು. ಊರವರ ಸಿಟ್ಟು ನ್ಯಾಯವಾದದ್ದು. ಆದರೆ ಆ ಸಿಟ್ಟಿಗೆ ಎದುರು ನಿಂತವರು ಬೆಂಗಳೂರಿನಲ್ಲಿ ಇರಲಿಲ್ಲ. ರಾತ್ರಿಯಿಡೀ ಕಬ್ಬಿನ ಗದ್ದೆ ಅಂಚಿನಲ್ಲಿ ಬೋನು ಕಾಯುತ್ತಾ, ಹಗಲು ಕ್ಯಾಮೆರಾ ಕಟ್ಟುತ್ತಾ, ಹೆಣ ಮುಂದಿಟ್ಟು ಕೂತ ಜನರಿಗೆ ಉತ್ತರ ಹೇಳುತ್ತಾ ಇದ್ದವರು ಅರಣ್ಯ ರಕ್ಷಕರು, ವಾಚರ್‌ಗಳು, ಠಾಣೆಯ ಪೇದೆಗಳು. ಅದೇ ತಾಲ್ಲೂಕಿನ ಸಂಗಮದಲ್ಲಿ 2025ರ ಫೆಬ್ರುವರಿ 10ರಿಂದ 12ರವರೆಗೆ ಕುಂಭಮೇಳ ನಡೆಯಿತು. ಲಕ್ಷಾಂತರ ಜನ ಪುಣ್ಯಸ್ನಾನ ಮಾಡಿ ಸುಖವಾಗಿ ಊರು ಸೇರಿದರೆ ಅದು ಬಂದೋಬಸ್ತಿನವರ, ಪೌರಕಾರ್ಮಿಕರ, ಆರೋಗ್ಯ ಸಿಬ್ಬಂದಿಯ ದುಡಿಮೆ. ಮಳೆಗಾಲದಲ್ಲಿ ಕಬಿನಿಯ ನೀರು ಬಿಟ್ಟು ಮಲ್ಲನಮೂಲೆ ಮಠದ ಬಳಿ ಹೆದ್ದಾರಿ ಮುಳುಗಿದಾಗ ರಸ್ತೆಗೆ ಅಡ್ಡ ನಿಲ್ಲುವವರೂ, ತಲಕಾಡು ಸೀಮೆಯಲ್ಲಿ ಕಾವೇರಿ ಉಕ್ಕಿದಾಗ ಕಾಳಜಿ ಕೇಂದ್ರದಲ್ಲಿ ಅನ್ನ ಬಡಿಸುವವರೂ ನೀವೇ. ಇಂಥ ಕೆಲಸ ಮುಗಿದ ಮೇಲೆ ಅಭಿನಂದನಾ ಪತ್ರ ಬರುತ್ತದೆ, ವಾರದ ರಜೆ ಬರುವುದಿಲ್ಲ. ಸಾವನ್ನು ಕಣ್ಣಾರೆ ಕಂಡವರಿಗೆ ಅದು ತಿಂಗಳುಗಟ್ಟಲೆ ಕಣ್ಣಿಗೆ ಕಟ್ಟುತ್ತದೆ. ಅದರ ಬಗ್ಗೆ ಕೂತು ಮಾತಾಡುವವರು ಬೇಕು. ಇದು ಔದಾರ್ಯದ ಮಾತಲ್ಲ, ಕೆಲಸಗಾರರ ಹಕ್ಕು.

ಆಶಾ ಅಕ್ಕಂದಿರ ಮಾತು ಬೇರೆಯೇ ಹೇಳಬೇಕು. ರಾಜ್ಯದಲ್ಲಿ ಸುಮಾರು 42 ಸಾವಿರ ಜನರಿದ್ದೀರಿ. ಕೆಲಸ ಸರ್ಕಾರದ್ದು, ಆದರೆ ನೀವು ಸರ್ಕಾರಿ ನೌಕರರಲ್ಲ. ಸಿಗುವುದು ಗೌರವಧನ, ಪ್ರೋತ್ಸಾಹಧನ. ಮಾಡಿದ ಕೆಲಸ ಪೋರ್ಟಲ್‌ನಲ್ಲಿ ಕಾಣದಿದ್ದರೆ ಹಣವೂ ಇಲ್ಲ. 2025ರ ಜನವರಿ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ನಾಲ್ಕು ದಿನ ಕೂತ ಮೇಲೆ ತಿಂಗಳಿಗೆ ಕನಿಷ್ಠ 10 ಸಾವಿರ ರೂಪಾಯಿಯ ಭರವಸೆ ಸಿಕ್ಕಿತು. ಅದನ್ನು ಜಾರಿ ಮಾಡಿ ಎನ್ನಲು ಮತ್ತೆ ಬೀದಿಗಿಳಿಯಬೇಕಾಯಿತು. ದುಡಿಮೆಗೆ ತಕ್ಕ ಹಣ, ಮನ್ನಣೆ, ಭದ್ರತೆ ಸಿಗದಿದ್ದರೆ ಅದು ಕೂಡ ಹೃದಯಕ್ಕೆ ಕೆಡುಕು ಎಂಬುದನ್ನು ಜರ್ಮನಿಯ ಯೋಹಾನೆಸ್ ಸೀಗ್ರಿಸ್ಟ್ ಅವರ ಸಂಶೋಧನೆ ತೋರಿಸಿದೆ. 2024ರಲ್ಲಿ ಶುರುವಾದ ‘ಗೃಹ ಆರೋಗ್ಯ’ ಯೋಜನೆಯಲ್ಲಿ ಬಿಪಿ, ಶುಗರ್ ತಪಾಸಣೆಗೆ ನಮ್ಮ ಬೀದಿಗೆ ಬಂದ ತಂಡದಲ್ಲಿದ್ದ ಆಶಾ ಒಬ್ಬರನ್ನು ‘ನಿಮ್ಮ ಬಿಪಿ ಎಷ್ಟಮ್ಮ?’ ಎಂದು ಕೇಳಿದೆ. ‘ನಂದು ನೋಡ್ಕೊಂಡು ಬಾಳ ದಿನ ಆಯ್ತು ಸಾರ್’ ಅಂದರು. ಜೊತೆಯಲ್ಲಿದ್ದ ನರ್ಸಮ್ಮ ಅಲ್ಲೇ ಜಗಲಿಯ ಮೇಲೆ ಕೂರಿಸಿ ಪಟ್ಟಿ ಕಟ್ಟಿದರು. ಮೇಲಿನದು 160 ದಾಟಿತ್ತು.

ಈಗ ಮೇಲಿನ ಕುರ್ಚಿಗಳಲ್ಲಿ ಕೂತಿರುವ ಅಧಿಕಾರಿಗಳಿಗೆ ಒಂದೆರಡು ಮಾತು. ನಿಮ್ಮ ಮೇಲೂ ಒತ್ತಡವಿದೆ, ನಿಮ್ಮನ್ನೂ ಮೇಲಿನವರು ಕೇಳುತ್ತಾರೆ ಎಂಬುದು ಗೊತ್ತು. ಆದರೂ ನಿಮ್ಮ ಕೈಯಲ್ಲೇ ಇರುವ, ವಿಧಾನಸೌಧದ ಅಪ್ಪಣೆ ಬೇಡದ ಕೆಲವು ಕೆಲಸಗಳಿವೆ. ಪ್ರಗತಿ ಪರಿಶೀಲನಾ ಸಭೆಯಲ್ಲಿ ‘ಯಾಕೆ ಆಗಿಲ್ಲ?’ ಎಂದು ಗದರಿಸುವ ಬದಲು ‘ಏನು ಅಡ್ಡಿ ಬಂತು?’ ಎಂದು ಮೊದಲು ಕೇಳಿ. ಬೈಯಲೇಬೇಕಾದರೆ ಚೇಂಬರಿಗೆ ಕರೆದು ಬೈಯಿರಿ, ನೂರು ಜನರ ಮುಂದೆ ಎಬ್ಬಿಸಿ ನಿಲ್ಲಿಸಬೇಡಿ. ನೆರೆ, ಬೆಂಕಿ, ಸಾವುನೋವಿನ ತುರ್ತು ಬಿಟ್ಟರೆ ರಾತ್ರಿ ಗುಂಪುಗಳಿಗೆ ಸಂದೇಶ ಹಾಕಬೇಡಿ. ಹೊಸ ಸಮೀಕ್ಷೆಯೊಂದನ್ನು ಹೇರುವಾಗ ಹಳೆಯದೊಂದರ ಗಡುವನ್ನು ಮುಂದೂಡಿ. ಎರಡು ವೃತ್ತಗಳ ಇನ್‌ಚಾರ್ಜ್ ಹೊತ್ತವರಿಗೆ ಒಂದು ವೃತ್ತದವರ ಗುರಿಯನ್ನೇ ಎರಡು ಪಟ್ಟು ಮಾಡಿ ಕೊಡಬೇಡಿ. ಜಾತ್ರೆ, ಚುನಾವಣೆ, ಪ್ರವಾಹದ ಕೆಲಸ ಮುಗಿದ ಮರುದಿನವೇ ಬದಲಿ ರಜೆಯ ಪಟ್ಟಿ ಹಾಕಿ. ಜಪಾನಿನಲ್ಲಿ ಅತಿದುಡಿಮೆಯಿಂದಾಗುವ ಸಾವನ್ನು ತಡೆಯಲೆಂದೇ 2014ರಲ್ಲಿ ಕಾನೂನು ಬಂತು. 2015ರ ಡಿಸೆಂಬರ್‌ನಿಂದ 50 ಅಥವಾ ಹೆಚ್ಚು ಜನ ದುಡಿಯುವ ಕಡೆ ವರ್ಷಕ್ಕೊಮ್ಮೆ ಒತ್ತಡದ ತಪಾಸಣೆ ಮಾಡಿಸುವುದು ಕಡ್ಡಾಯವಾಯಿತು. ವರ್ಷಕ್ಕೊಮ್ಮೆ ತಾಲ್ಲೂಕಿನ ಸಿಬ್ಬಂದಿಗೆಲ್ಲ ಬಿಪಿ, ಶುಗರ್, ನಿದ್ದೆ, ಮನಸ್ಸಿನ ತಪಾಸಣೆ ಮಾಡಿಸುವುದು ನಮ್ಮ ತಾಲ್ಲೂಕು ಆಸ್ಪತ್ರೆಗೆ ಮೀರಿದ ಕೆಲಸವಲ್ಲ.

ಯೋಗ ಶಿಬಿರ ಮಾಡಿಸಿ ಒತ್ತಡ ನಿರ್ವಹಣೆಯ ಉಪನ್ಯಾಸ ಕೊಡಿಸುವುದು ಒಳ್ಳೆಯದೇ. ಉಸಿರಾಟದ ಅಭ್ಯಾಸದಿಂದ ನಿದ್ದೆಗೆ ಅನುಕೂಲವಿದೆ. ಆದರೆ ಬೆಳಿಗ್ಗೆ ಆರಕ್ಕೆ ಪ್ರಾಣಾಯಾಮ ಮಾಡಿಸಿ, ಹತ್ತಕ್ಕೆ ಕೆಂಪು ಪಟ್ಟಿ ಕಳಿಸಿದರೆ ಪ್ರಾಣಾಯಾಮ ಏನು ಮಾಡೀತು? ಕಾಯಕದ ಹೆಸರು ಹೇಳಿ ದುಡಿಸಿಕೊಳ್ಳುವವರಿಗೂ ಇದೇ ಮಾತು. ಸುತ್ತೂರಿನಂಥ ಶರಣ ಪರಂಪರೆಯ ಮಠವಿರುವ ತಾಲ್ಲೂಕು ನಂಜನಗೂಡು. ಶರಣರು ಕಾಯಕವನ್ನು ಎತ್ತಿ ಹಿಡಿದದ್ದು ದುಡಿಯುವವನ ಘನತೆಗಾಗಿ. ಆ ಘನತೆಯನ್ನೇ ಕಿತ್ತುಕೊಂಡು ಕಾಯಕದ ಮಾತಾಡುವುದು ಸಲ್ಲದು.

ಇನ್ನು ನಿಮಗೆ, ದಿನಾ ಈ ಭಾರ ಹೊರುವವರಿಗೆ. ಏರ್ಪಾಡು ಬದಲಾಗುವವರೆಗೆ ದೇಹ ಕಾಯುವುದಿಲ್ಲ. ನಡುರಾತ್ರಿ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದಿದ್ದರೆ, ಫೋನು ಸದ್ದಾದರೆ ಎದೆ ಧಸಕ್ಕೆಂದರೆ, ಮೊದಲು ಪ್ರೀತಿಯಿಂದ ಮಾಡುತ್ತಿದ್ದ ಕೆಲಸ ಈಗ ಅಸಹ್ಯ ಎನಿಸಿದರೆ, ಸಂಜೆಯ ಗ್ಲಾಸು ದಿನದ ರೂಢಿಯಾಗುತ್ತಿದ್ದರೆ ಅದನ್ನು ತಳ್ಳಿಹಾಕಬೇಡಿ. ಕೆಲಸದಿಂದ ಬರುವ ಇಂಥ ಬಳಲಿಕೆಗೆ ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದಲ್ಲಿ ‘ಬರ್ನ್‌ಔಟ್’ ಎಂಬ ಹೆಸರಿದೆ. ತ್ರಾಣವೇ ಬತ್ತಿಹೋಗುವುದು, ಕೆಲಸದ ಮೇಲೆ ಜಿಗುಪ್ಸೆ, ಕೈಯಲ್ಲಿ ಏನೂ ಆಗದು ಎಂಬ ಭಾವ, ಇವು ಅದರ ಮೂರು ಲಕ್ಷಣ. ಅಲ್ಲಿ ಅದನ್ನು ಉದ್ಯೋಗಕ್ಕೆ ಸಂಬಂಧಿಸಿದ ಸಂಗತಿ ಎಂದೇ ಬರೆದಿದ್ದಾರೆ, ವ್ಯಕ್ತಿಯ ದೋಷ ಎಂದು ಬರೆದಿಲ್ಲ.

ತಿಂಗಳಿಗೊಮ್ಮೆ ಬಿಪಿ ನೋಡಿಸಿಕೊಳ್ಳಿ. ಮಧ್ಯಾಹ್ನದ ಊಟವನ್ನು ಒಟ್ಟಿಗೆ ಕೂತು ಮಾಡಿ. ಆ ಅರ್ಧ ಗಂಟೆ ಅರ್ಜಿದಾರರಾದ ನಾವು ಕಾಯುತ್ತೇವೆ. ರಜೆಯನ್ನು ಕೂಡಿಡಬೇಡಿ, ಬಳಸಿ. ಮನಸ್ಸು ಕುಗ್ಗಿದ್ದರೆ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ ಅದು. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಂದಾಳು ಸಂಸ್ಥೆ. ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲಿ ಮಾತಾಡಬಹುದು, ದುಡ್ಡಿಲ್ಲ. ‘ಮನೋಚೈತನ್ಯ’ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಗೊತ್ತುಪಡಿಸಿದ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ನಿಮ್ಮ ಆಸ್ಪತ್ರೆಗೆ ಯಾವ ಮಂಗಳವಾರ ಎಂದು ಕೇಳಿ ತಿಳಿದುಕೊಳ್ಳಿ. ಕಾಯಿಲೆ ವಾಸಿಯಾಗಲೆಂದು ಶ್ರೀಕಂಠೇಶ್ವರನಿಗೆ ಉರುಳು ಸೇವೆ ಹರಕೆ ಹೊತ್ತವರು ಹರಕೆಯನ್ನೂ ತೀರಿಸಿ, ಡಾಕ್ಟರನ್ನೂ ನೋಡಿ. ಮನೋವೈದ್ಯರ ಬಳಿ ಹೋದರೆ ‘ಹುಚ್ಚು’ ಅಂದಾರು ಎಂಬ ಅಂಜಿಕೆ ಬಿಡಿ. ಮಾನಸಿಕ ಆರೋಗ್ಯ ಚಿಕಿತ್ಸೆ ಪಡೆಯುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೊಟ್ಟ ಹಕ್ಕು. ಬದುಕು ಸಾಕೆನಿಸುವ ಯೋಚನೆ ಬಂದರೆ ಆ ಕ್ಷಣವೇ ಯಾರಿಗಾದರೂ ಹೇಳಿ, ಒಬ್ಬರೇ ಇರಬೇಡಿ. ಅಂಥ ಯೋಚನೆ ಬಂದುಹೋಗುತ್ತದೆ, ಚಿಕಿತ್ಸೆಗೆ ಬಗ್ಗುತ್ತದೆ.

ಮತ್ತು ಒಟ್ಟಾಗಿ ಮಾತಾಡಿ. ಒಬ್ಬರು ಹೇಳಿದರೆ ನೆಪ ಅನ್ನುತ್ತಾರೆ, ಎಲ್ಲರೂ ಬರೆದುಕೊಟ್ಟರೆ ಅದು ದಾಖಲೆ. ನಿಮ್ಮ ನಿಮ್ಮ ಸಂಘಗಳ ತಾಲ್ಲೂಕು ಶಾಖೆಯ ಸಭೆಯಲ್ಲಿ ವರ್ಗಾವಣೆ, ತುಟ್ಟಿಭತ್ಯೆಯ ಜೊತೆಗೆ ಆರೋಗ್ಯವನ್ನೂ ವಿಷಯಸೂಚಿಗೆ ಸೇರಿಸಿ. ಖಾಲಿ ಹುದ್ದೆ ಎಷ್ಟು, ಒಬ್ಬೊಬ್ಬರು ಎಷ್ಟು ತಂತ್ರಾಂಶ ನಡೆಸುತ್ತಿದ್ದೀರಿ, ರಾತ್ರಿ ಎಷ್ಟು ಗಂಟೆಗೆ ಕೊನೆಯ ಸಂದೇಶ ಬರುತ್ತದೆ, ಇವನ್ನು ಬರೆದಿಟ್ಟು ಕೊಡಿ.

ನಮ್ಮಂಥ ನಾಗರಿಕರಿಗೂ ಇದರಲ್ಲಿ ಪಾಲಿದೆ. ಲಂಚ ಕೇಳಿದರೆ ದೂರು ಕೊಡುತ್ತೇವೆ, ಕೊಡಲೇಬೇಕು. ಆದರೆ ಸರ್ವರ್ ಇಲ್ಲದ್ದಕ್ಕೆ, ಡಾಕ್ಟರ ಹುದ್ದೆ ಖಾಲಿ ಇರುವುದಕ್ಕೆ ಎದುರಿಗೆ ಸಿಕ್ಕ ನರ್ಸನ್ನೋ ಗುಮಾಸ್ತನನ್ನೋ ಬೈಯುವುದನ್ನು, ಮೊಬೈಲಿನಲ್ಲಿ ಚಿತ್ರ ತೆಗೆದು ಹರಿಬಿಡುವುದನ್ನು ನಿಲ್ಲಿಸಬೇಕು. ಆ ಪ್ರಶ್ನೆಯನ್ನು ಶಾಸಕರ ಮುಂದೆ, ಗ್ರಾಮಸಭೆಯ ಮುಂದೆ ಇಡಬೇಕು. ನಿದ್ದೆಗೆಟ್ಟ ನರ್ಸಿನ ಕೈಯಲ್ಲಿ ಚುಚ್ಚುಮದ್ದು ತೆಗೆದುಕೊಳ್ಳುವವರು ನಾವೇ, ತಲೆ ಕೆಟ್ಟುಹೋದ ಅಧಿಕಾರಿಯಿಂದ ಪಹಣಿ ತಿದ್ದಿಸಿಕೊಳ್ಳುವವರೂ ನಾವೇ.

ಕೊನೆಗೆ ಒಂದೇ ಕೋರಿಕೆ. ಇದನ್ನು ಓದಿ ಮುಗಿಸಿದ ಮೇಲೆ ಪಕ್ಕದ ಮೇಜಿನವರನ್ನು ‘ಊಟ ಆಯ್ತಾ?’ ಎಂದು ಕೇಳುವಾಗ ‘ನಿದ್ದೆ ಬರ್ತಾ ಇದೆಯಾ?’ ಎಂದೂ ಕೇಳಿ. ಇಲ್ಲ ಎಂದರೆ ಆ ವಾರವೇ ಅವರನ್ನು ಕರೆದುಕೊಂಡು ತಾಲ್ಲೂಕು ಆಸ್ಪತ್ರೆಗೆ ಹೋಗಿ. ನಂಜನಗೂಡು 2020ರಲ್ಲಿ ಒಬ್ಬ ಒಳ್ಳೆಯ ವೈದ್ಯರನ್ನು ಕಳೆದುಕೊಂಡಿತು. ಇನ್ನೊಬ್ಬರನ್ನು ಕಳೆದುಕೊಳ್ಳಬಾರದು.

ಇಂತಿ,
ನಿಮ್ಮ ಹಿತ ಬಯಸುವ ಒಬ್ಬ ನಾಗರಿಕ